ಗ್ಯಾಲರಿಯಲ್ಲಿಟ್ಟ ಬಾಣಂತಿ ಹಂಡೆ

ಆ ವರ್ಷ ನಾನು ಗೋಡೆಯ ಮೇಲೂ ದಿನಚರಿ ಬರೆದೆ.

ಡೊಂಬಿವಲಿ ಪೂರ್ವದ ಮೂರು ಮಹಡಿಯ ಹಳೆಯ ಕಟ್ಟಡವೊಂದರಲ್ಲಿ, ಎರಡನೇ ಮಹಡಿಯಲ್ಲಿ, ನಾವು ಬಾಡಿಗೆಗಿದ್ದೆವು. ಹಾಲ್, ಅಡುಗೆಮನೆ, ಒಂದು ಮಲಗುವ ಕೋಣೆ, ಹಾಲಿನಿಂದ ಹೊರಗೆ ಚಾಚಿಕೊಂಡಿದ್ದ ಗ್ಯಾಲರಿ. ಆ ಗ್ಯಾಲರಿಯ ನೆಲ ಗೋಡೆಗೆ ಕೂಡುವಲ್ಲಿ ಒಂದು ಬಿರುಕು ಹುಟ್ಟಿಕೊಂಡಿತ್ತು. ಅದರ ತುದಿ ಎಲ್ಲಿಗೆ ಬಂದಿದೆಯೋ ಅಲ್ಲಿ ಗೋಡೆಗೆ ಪೆನ್ಸಿಲಿನಿಂದ ಒಂದು ಗೀಟು ಎಳೆದು, ಪಕ್ಕದಲ್ಲಿ ತಾರೀಖು ಹಾಕುತ್ತಿದ್ದೆ. ಹಾಗೆ ಮಾಡು ಎಂದು ಯಾರೂ ಹೇಳಿಕೊಟ್ಟದ್ದಲ್ಲ. ಹಾಲಿನ ಪಾಕೀಟು, ಸಿಲಿಂಡರ್ ಬದಲಿಸಿದ ದಿನ, ಅಪ್ಪನಿಗೆ ತಪ್ಪಿಹೋದ ಲೋಕಲ್, ಕಂಡದ್ದನ್ನೆಲ್ಲ ಬರೆದಿಡುವ ಚಟ ನನಗೆ ಚಿಕ್ಕಂದಿನಿಂದ ಇತ್ತು. ಅಕ್ಕ ಅದಕ್ಕೆ ನನ್ನನ್ನು ಅಂಗಡಿಯ ಲೆಕ್ಕ ಬರೆಯುವ ‘ಮುನಿಮ’ ಎಂದು ಕರೆಯುತ್ತಿದ್ದಳು.

ಅದು ೨೦೦೯ರ ಮಳೆಗಾಲ, ಹಂದಿಜ್ವರದ ಮಳೆಗಾಲ. ಪುಣೆಯ ಸುದ್ದಿ ಮೊದಲು ಬಂತು. ಆಮೇಲೆ ಮುಂಬಯಿ, ಆಮೇಲೆ ಠಾಣೆ. ಆಗಸ್ಟ್ ತಿಂಗಳಲ್ಲಿ ಕಾಲೇಜಿಗೆ ರಜೆ ಕೊಟ್ಟರು. ಸ್ಟೇಷನ್ ರಸ್ತೆಯಲ್ಲಿ ಮಾಸ್ಕು ಸಿಗುತ್ತಿರಲಿಲ್ಲ. ಜನ ಕರ್ಚೀಫಿನಲ್ಲಿ ಕರ್ಪೂರ, ಏಲಕ್ಕಿ ಕಟ್ಟಿಕೊಂಡು ಮೂಗಿಗೆ ಹಿಡಿದು ಓಡಾಡುತ್ತಿದ್ದರು.

ಅಕ್ಕನಿಗೆ ಆಗ ಎಂಟು ತಿಂಗಳು ತುಂಬಿ ಒಂಬತ್ತು. ಚೊಚ್ಚಲು. ಜುಲೈಯಲ್ಲಿ ನವಿ ಮುಂಬಯಿಯ ಗಂಡನ ಮನೆಯಿಂದ ತವರಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಅವಳು ಬಂದ ಮೇಲೆ ಅಲ್ಲಿ ಅವರ ಕಟ್ಟಡದಲ್ಲೇ ಇಬ್ಬರಿಗೆ ಹಂದಿಜ್ವರ ಬಂತು. ಬಸುರಿಯರಿಗೆ ತಗುಲಿದರೆ ಕಷ್ಟ, ಹೊರಗಿನವರ ಜೊತೆ ಬೆರೆಯುವುದೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಊರಿಗೆ ಕರೆದೊಯ್ಯೋಣವೆಂದರೆ ಒಂಬತ್ತನೇ ತಿಂಗಳಲ್ಲಿ ಅಷ್ಟು ದೂರದ ಪ್ರಯಾಣ ಆಗದು. ಅವಳ ಹೆರಿಗೆ, ಬಾಣಂತನ ಎರಡಕ್ಕೂ ನಮ್ಮ ಆ ಬಾಡಿಗೆ ಮನೆಯೊಂದೇ ಜಾಗ.

ಬಾಣಂತನವೆಂದರೆ ಅಮ್ಮನ ಮಟ್ಟಿಗೆ ನೀರು. ನಮ್ಮ ಉಡುಪಿ ಕಡೆ ಬಾಣಂತಿಗೆ ಎಣ್ಣೆ ಹಚ್ಚಿ, ಸೊಪ್ಪು ಹಾಕಿ ಕುದಿಸಿದ ನೀರನ್ನು ಹಂಡೆಯಿಂದ ಮೊಗೆದು ಮೊಗೆದು ಸೊಂಟಕ್ಕೆ ಹೊಯ್ಯುತ್ತಾರೆ. ಒಲೆಯ ಮೇಲೆ ಕಾದ ನೀರೇ ಆಗಬೇಕು, ಗೀಸರಿನದ್ದು ನಡೆಯದು. “ಆ ನೀರಿಗೆ ಮೈ ನೆನೀತದೆ ಅಷ್ಟೆ, ಮೈಗೆ ಹಿಡಿಯೂದಿಲ್ಲ,” ಎನ್ನುತ್ತಿದ್ದರು ಅಮ್ಮ. (ಮನೆಯೊಳಗೆ ನಾವು ಆಡುವುದು ತುಳು. ಬರೆಯಲು ಕೂತಾಗ ಅದು ನನಗೆ ಕನ್ನಡವಾಗಿಯೇ ಬರುತ್ತದೆ.) ನಮ್ಮ ಬಚ್ಚಲಿನಲ್ಲಿ ಒಬ್ಬರು ನಿಂತರೆ ಬಾಲ್ದಿಗೆ ಜಾಗವಿಲ್ಲ. ಹಾಗಾಗಿ ಅಮ್ಮ ಗ್ಯಾಲರಿಯನ್ನು ಬಚ್ಚಲು ಮಾಡಿದರು.

ಊರಿನಿಂದ ತಾಮ್ರದ ಹಂಡೆ ಬಸ್ಸಿನಲ್ಲಿ ಬಂತು. ನಾಲ್ಕು ಜನ ಹಿಡಿದು ಮೇಲೆ ಹತ್ತಿಸಿದರು. ಗಾರೆಯವನೊಬ್ಬ ಬಂದು ಗ್ಯಾಲರಿಯ ನೆಲಕ್ಕೆ ಸಿಮೆಂಟು ಹಾಕಿ ಮೋರಿಯ ಕಡೆಗೆ ಇಳಿಜಾರು ಮಾಡಿದ, ನೀರು ಹಾಲ್‌ಗೆ ಬಾರದಂತೆ ಒಂದು ಇಟ್ಟಿಗೆಯೆತ್ತರ ಕಟ್ಟೆ ಕಟ್ಟಿದ, ಹಂಡೆ ಕೂರಿಸಲು ಇಟ್ಟಿಗೆಯ ಒಲೆ ಹಾಕಿದ. ಕೂತು ಮೀಯಲು ಒಂದು ಕಲ್ಲೂ ಬಂತು. ಉರಿಗೆ ತೆಂಗಿನ ಗೆರಟೆ. ಅಪ್ಪ ಠಾಣೆಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ಅಲ್ಲಿ ಚಟ್ನಿಗೆ ತುರಿದು ಮಿಕ್ಕ ಗೆರಟೆಗಳನ್ನು ದಿನಾ ಸಂಜೆ ಒಂದು ಚೀಲ ತರುತ್ತಿದ್ದರು. ಲೋಕಲಿನಲ್ಲಿ ಆ ಚೀಲಕ್ಕಾಗಿ ಬೈಸಿಕೊಂಡದ್ದನ್ನು ಮನೆಗೆ ಬಂದು ಮರಾಠಿಯಲ್ಲೇ ಅಭಿನಯಿಸಿ ತೋರಿಸುತ್ತಿದ್ದರು.

ಇದ್ಯಾವುದನ್ನೂ ಅಮ್ಮ ಮನೆಯ ಮಾಲೀಕರಿಗೆ ಹೇಳಿರಲಿಲ್ಲ.

ಮಾಲೀಕರು ವಿಜಾಪುರದ ಕಡೆಯವರು. ರೈಲ್ವೆಯಿಂದ ನಿವೃತ್ತರಾಗಿ ಠಾಣೆಯ ಮಾಜಿವಾಡಾದಲ್ಲಿ ಮಗನ ಮನೆಯಲ್ಲಿದ್ದರು. ನಾವು ಮಕ್ಕಳು ಕಾಕಾ ಎನ್ನುತ್ತಿದ್ದೆವು, ಅಮ್ಮ ರಾಯರೇ ಎನ್ನುತ್ತಿದ್ದರು, ಅವರು ಅಮ್ಮನಿಗೆ ವೈನಿ ಎನ್ನುತ್ತಿದ್ದರು. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟಿಗೆ ಸಹಿ ಮಾಡಲು ಬಂದಾಗ ಚಹಾ ಕುಡಿದು, ನೀರಿನ ನಲ್ಲಿಗಳನ್ನೆಲ್ಲ ಒಮ್ಮೆ ತಿರುಗಿಸಿ ನೋಡಿ ಹೋಗುತ್ತಿದ್ದರು. ಅಷ್ಟೇ ಒಡನಾಟ.

ಆಗಸ್ಟ್ ಮೊದಲ ವಾರದಲ್ಲಿ ನಮ್ಮ ಗ್ಯಾಲರಿಯ ಅಡಿಯಿಂದ ಅಂಗೈಯಗಲದ ಪ್ಲಾಸ್ಟರು ಕಳಚಿ ಮೊದಲ ಮಹಡಿಯವರ ಗ್ಯಾಲರಿಗೆ ಬಿತ್ತು. ಅವರು ಒಣಗಲು ಹಾಕಿದ್ದ ಚಾದರದ ಮೇಲೆ ಬಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಸೊಸೈಟಿಯವರು ಇಡೀ ಕಟ್ಟಡದ ತಪಾಸಣೆಗೆ ಇಂಜಿನಿಯರನ್ನು ಗೊತ್ತುಮಾಡಿದರು. ಬಾಡಿಗೆಯವರಿರುವ ಮನೆಗಳಿಗೆ ಮಾಲೀಕರೇ ಬಂದು ಒಳಗೆ ತೋರಿಸಬೇಕು ಎಂದು ಹೇಳಿ ಕಳಿಸಿದರು.

ಆಗಸ್ಟ್ ೧೧, ಮಂಗಳವಾರ, ಕಾಕಾ ಬಂದು ಬೆಲ್ ಮಾಡಿದರು. ಅಮ್ಮ ಸರಪಳಿ ಹಾಕಿಯೇ ಬಾಗಿಲನ್ನು ಒಂದಿಷ್ಟು ತೆರೆದರು.

“ವೈನಿ, ಬಾಗಲಾ ತಗೀರಿ. ಇಂಜಿನಿಯರ್ ಸಾಹೇಬ್ರನ್ನ ಕರಕೊಂಡ್ ಬಂದೇನಿ. ಗ್ಯಾಲರಿ ನೋಡಿ ಹೋಗ್ತೀವಿ, ಐದs ಮಿನಿಟ್.”

“ಬೇಡ ರಾಯರೇ. ಮಗಳಿಗೆ ಒಂಬತ್ತನೇ ತಿಂಗಳು. ಹೊರಗಿನವರನ್ನು ಸೇರಿಸ್ಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನೀವು ಲೋಕಲ್‌ನಲ್ಲಿ ಬಂದದ್ದಲ್ವಾ?”

“ಮತ್ತ? ಹುಟ್ಟಾ ರೈಲ್ವೆದಾಗ ದುಡದಾಂವ, ಟಾಂಗಾ ಮಾಡ್ಕೊಂಡ್ ಬರ್ಲೇನು?”

“ಅದೇ ಹೇಳಿದ್ದು. ಆ ಗರ್ದಿಯಲ್ಲಿ ಯಾರೆಲ್ಲ ಕೆಮ್ಮಿದ್ದಾರೋ.”

“ಅಲ್ರೀ ವೈನಿ, ನಿಮ್ಮ ಯಜಮಾನ್ರು ದಿನಾ ಠಾಣೇಕ ವಿಮಾನದಾಗ ಹೋಗ್ತಾರೇನು?”

ಒಳಗಿನ ಕೋಣೆಯಲ್ಲಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅದು ಬಾಗಿಲಿನವರೆಗೂ ಕೇಳಿತು. ಅಮ್ಮನ ಕಿವಿ ಕೆಂಪಾದದ್ದನ್ನು ನಾನು ಹಿಂದಿನಿಂದ ನೋಡಿದೆ.

“ನಾಳೆಯಿಂದ ಅವರೂ ಬರೂದಿಲ್ಲ,” ಎಂದು ಅಮ್ಮ ಬಾಗಿಲು ಹಾಕಿದರು.

ಮಾತಿಗೆ ಆಡಿದ್ದೆಂದು ನಾನು ತಿಳಿದುಕೊಂಡಿದ್ದೆ. ಅಮ್ಮ ಆಗಲೇ ಹೋಟೆಲಿಗೆ ಫೋನ್ ಮಾಡಿದರು. “ಎಂತ? ನನ್ನ ಮನೆಗೆ ನಾನು ಬರ್ಬಾರ್ದಾ?” ಎಂದು ಅಪ್ಪ ಕೂಗಿದ್ದು ರಿಸೀವರಿನಿಂದ ಹಾಲಿಗೆಲ್ಲ ಕೇಳಿಸಿತು. “ಹೆರಿಗೆಯವರೆಗೆ ಮಾತ್ರ,” ಎಂದರು ಅಮ್ಮ, ಪೇಟೆಯಿಂದ ತರಕಾರಿ ತರಲು ಹೇಳುವ ದನಿಯಲ್ಲಿ. ಅಪ್ಪ ಅಂದಿನಿಂದ ಹೋಟೆಲಿನ ಅಟ್ಟದಲ್ಲಿ ಕೆಲಸಗಾರರ ಜೊತೆ ಮಲಗಿದರು. ನಾವು ಮೂರು ಹೆಂಗಸರು, ಮುಚ್ಚಿದ ಬಾಗಿಲು, ಹೊರಗೆ ಬಿಡದೆ ಹೊಯ್ಯುವ ಮಳೆ.

ಅಮ್ಮನ ಭಯ ಸುಳ್ಳಾಗಿರಲಿಲ್ಲ ಎಂದು ಹೇಳಬೇಕು. ಜ್ವರಕ್ಕೆ ಅವರು ನಿಜವಾಗಿಯೂ ಹೆದರಿದ್ದರು. ಹಾಲಿನ ಪಾಕೀಟನ್ನೂ ಸೋಪು ಹಾಕಿ ತೊಳೆಯುತ್ತಿದ್ದರು. ಆದರೆ ಬಾಗಿಲ ಸರಪಳಿಯನ್ನು ಹಿಡಿದಿದ್ದ ಕೈಯಲ್ಲಿ ಇನ್ನೊಂದು ಭಯವೂ ಇತ್ತು. ಕಾಕಾ ಒಳಗೆ ಬಂದರೆ ಗ್ಯಾಲರಿ ನೋಡುತ್ತಾರೆ, ಕೇಳದೆ ಕಟ್ಟಿದ ಬಚ್ಚಲು ನೋಡುತ್ತಾರೆ, ಅಕ್ಟೋಬರಿಗೆ ಅಗ್ರಿಮೆಂಟು ಮುಗಿಯುತ್ತದೆ. ಹಸಿ ಬಾಣಂತಿಯನ್ನೂ ಮಗುವನ್ನೂ ಕಟ್ಟಿಕೊಂಡು ಈ ಜ್ವರದ ನಡುವೆ ಮನೆ ಹುಡುಕಬೇಕಾಗುತ್ತದೆ. ಎರಡು ಭಯಗಳಲ್ಲಿ ಒಂದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳುತ್ತಿದ್ದರು.

ಡಾಕ್ಟರು ಅಕ್ಕನಿಗೆ ನಡೆಯಲು ಹೇಳಿದ್ದರು. ಬೀದಿಗೆ ಇಳಿಯುವಂತಿಲ್ಲ. ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಗ್ಯಾಲರಿಗೆ, ಮತ್ತೆ ಹಿಂದಕ್ಕೆ. ಸುಸ್ತಾದಾಗ ಆ ಮೀಯುವ ಕಲ್ಲಿನ ಮೇಲೆ ಕೂತು, ಗ್ರಿಲ್ಲಿಗೆ ಹಣೆ ಒತ್ತಿ, ಕೆಳಗೆ ಛತ್ರಿಗಳು ಹೋಗುವುದನ್ನು ನೋಡುತ್ತಿದ್ದಳು.

ಹಂಡೆಯ ಬೆಸುಗೆ ಸೋರುತ್ತದೋ ಎಂದು ನೋಡಲು ಅಮ್ಮ ಆ ಶುಕ್ರವಾರ ಅದಕ್ಕೆ ಕಂಠಮಟ್ಟ ನೀರು ತುಂಬಿಸಿದರು. ಸೋರಲಿಲ್ಲ. ನಲ್ಲಿ ನೀರು ಯಾವಾಗ ಕೈಕೊಡುತ್ತದೋ, ಇರಲಿ ಎಂದು ತುಂಬಿಸಿದ್ದನ್ನು ಹಾಗೇ ಬಿಟ್ಟರು.

ಭಾನುವಾರ ಬೆಳಿಗ್ಗೆ ಬಿರುಕು ನನ್ನ ಗೀಟನ್ನು ದಾಟಿ ಒಂದು ಗೇಣು ಮುಂದೆ ಹೋಗಿತ್ತು.

ಅಮ್ಮನಿಗೆ ತೋರಿಸಿದೆ. “ಹೊಸ ಸಿಮೆಂಟು ಒಣಗುವಾಗ ಹಾಗೇ ಬಿಡ್ತದೆ,” ಎಂದರು. ಈ ಮಳೆಯಲ್ಲಿ ಸಿಮೆಂಟು ಒಣಗುವುದೆಲ್ಲಿಂದ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹೊಸ ಗೀಟು ಎಳೆದೆ. ಮಂಗಳವಾರಕ್ಕೆ ಅದನ್ನೂ ದಾಟಿತ್ತು. ಮೊದಲು ಕೂದಲೆಳೆಯಷ್ಟಿದ್ದದ್ದು ಈಗ ಒಂದು ರೂಪಾಯಿಯ ನಾಣ್ಯದ ಅಂಚು ಹಿಡಿಸುವಷ್ಟಾಗಿತ್ತು. ಆ ದಿನದಿಂದ ನಾನು ಅಕ್ಕನ ಸುತ್ತುಗಳನ್ನು ಹಾಲಿನಲ್ಲೇ ತಿರುಗಿಸಲು ಏನೇನೋ ನೆವ ಹುಡುಕಿದೆ. ಮಳೆ ಇರಚುತ್ತದೆ ಎಂದೆ. ಎದುರು ಮನೆಯವನು ಕೆಮ್ಮುತ್ತಿದ್ದಾನೆ ಎಂದೆ. ಕೊನೆಗೆ ಗ್ಯಾಲರಿಯ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಪುಸ್ತಕ ಹಿಡಿದು ಕೂತೆ.

“ಏನು ಮುನಿಮ, ಕಾವಲಾ?” ಎಂದಳು ಅಕ್ಕ.

ನಾನು ಉತ್ತರ ಹೇಳುವ ಮೊದಲೇ ಬೆಲ್ ಆಯಿತು. ಕಾಕಾ, ಈ ಸಲ ಒಬ್ಬರೇ. ಅಮ್ಮ ಬಾಗಿಲನ್ನು ತೆರೆಯಲೇ ಇಲ್ಲ, ಒಳಗಿನಿಂದಲೇ ಮಾತಾಡಿದರು.

“ವೈನಿ, ಎಲ್ಲಾರ ಮನಿ ನೋಡಿ ಮುಗದದ. ನಿಮ್ಮದೊಂದs ಉಳದದ. ಬಿದ್ದದ್ದು ನಿಮ್ಮ ಗ್ಯಾಲರೀದs ಪ್ಲಾಸ್ಟರ್. ಸೊಸೈಟಿಯವ್ರು ನನ್ನ ಜೀವಾ ತಿನ್ನಾಕತ್ತಾರ.”

“ಹೆರಿಗೆ ಆಗ್ಲಿ ರಾಯರೇ. ಆಮೇಲೆ ಎಷ್ಟು ಬೇಕಾದ್ರೂ ನೋಡಿ.”

“ಆಮ್ಯಾಲ ಕೂಸಿನ ನೆವಾ ಹೇಳ್ತೀರಿ. ನನ್ನ ಮನಿ, ನನಗs ನೋಡಾಕ ಬಿಡಂಗಿಲ್ಲಂದ್ರ ಏನ್ ತಿಳ್ಕೋಬೇಕ್ರೀ? ಒಳಗ ಏನ್ ಮಾಡೀರಿ?” ಆಮೇಲೆ ದನಿ ತಗ್ಗಿಸಿ, “ಅಕ್ಟೋಬರಕ್ಕ ಅಗ್ರಿಮೆಂಟ್ ಮುಗೀತದ. ನೆನಪಿರ್ಲಿ,” ಎಂದರು. ಚಪ್ಪಲಿಯ ಸದ್ದು ಮೆಟ್ಟಿಲಿಳಿಯತೊಡಗಿತು.

ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಅಕ್ಕ ನನ್ನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. “ಎಂತ ಉಂಟು ಅಲ್ಲಿ? ಸರಿಯಾಗಿ ಹೇಳು.”

ನಾನು ಕುರ್ಚಿ ಸರಿಸಿ, ಹಾಲಿನ ಹೊಸ್ತಿಲಲ್ಲೇ ಬಗ್ಗಿ ಕೈ ಚಾಚಿ, ಬಿರುಕಿನಲ್ಲಿ ನಾಣ್ಯವನ್ನು ನಿಲ್ಲಿಸಿ ತೋರಿಸಿದೆ. ಅದು ಬೀಳದೆ ನೆಟ್ಟಗೆ ನಿಂತಿತು. ಗೋಡೆಯ ಮೇಲೆ ನನ್ನ ಗೀಟುಗಳಿದ್ದವು, ಒಂದರ ಮುಂದೆ ಒಂದು, ತಾರೀಖುಗಳ ಸಮೇತ.

ಅಕ್ಕ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಕಿಟಕಿಗೆ ಹೋಗಿ ಕೆಳಗೆ ಕೂಗಿದಳು. “ಕಾಕಾ! ನಿಲ್ಲಿ! ಹೋಗ್ಬೇಡಿ!”

ಕೆಳಗೆ ಗೇಟಿನ ಹತ್ತಿರ ಛತ್ರಿ ನಿಂತಿತು.

“ನಾಳೆ ಬೆಳಿಗ್ಗೆ ಇಂಜಿನಿಯರ್‌ನ ಕರ್ಕೊಂಡು ಬನ್ನಿ. ಅವರು ಒಬ್ಬರೇ ಒಳಗೆ. ಮಾಸ್ಕ್ ಹಾಕ್ಬೇಕು. ಬಾಗಿಲಲ್ಲಿ ಬಾಲ್ದಿ, ಸೋಪು ಇಟ್ಟಿರ್ತೇವೆ. ಕೈಕಾಲು ತೊಳ್ದು ಬರ್ಬೇಕು.”

“ಮತ್ತ ನಾನು?”

“ನೀವು ಮೆಟ್ಟಿಲ ಮೇಲೆ!”

“ನನ್ನ ಮನ್ಯಾಗ ನಾ ಮೆಟ್ಟಲ ಮ್ಯಾಲ!” ಎಂದು ಅವರು ಗೇಟಿನಲ್ಲಿದ್ದ ವಾಚ್‌ಮನ್ನನಿಗೆ ಹೇಳಿದ್ದು ನಮಗೂ ಕೇಳಿತು.

ಮರುದಿನ ಬೆಳಿಗ್ಗೆ ನಾನು ಏಳುವಾಗ ಅಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೈಯಲ್ಲಿ ಬಾಲ್ದಿ ಹಿಡಿದು, ಗ್ಯಾಲರಿಯ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದರು. ಕಾಕಾ, ಇಂಜಿನಿಯರ್ ಬರುವುದರೊಳಗೆ ಹಂಡೆ ಖಾಲಿ ಮಾಡಿ, ಒಲೆ ಕಿತ್ತು, ಇಟ್ಟಿಗೆಗಳನ್ನು ಮಂಚದಡಿ ಸೇರಿಸುವ ಯೋಚನೆ. ನಾನು ಓಡಿ ಬಾಗಿಲಿಗೆ ಅಡ್ಡ ನಿಂತೆ.

“ಆಚೆ ಹೋಗು.”

“ಇಲ್ಲ ಅಮ್ಮ. ಅದರ ಮೇಲೆ ಕಾಲಿಡ್ಲಿಕ್ಕಿಲ್ಲ.”

“ಮೂರು ವಾರದಿಂದ ಕಾಲಿಡ್ತಾ ಇದ್ದೇನೆ, ಇವತ್ತು ಬೀಳ್ತದಾ? ಬಚ್ಚಲು ಕಂಡ್ರೆ ನಮ್ಮನ್ನು ಎಬ್ಬಿಸ್ತಾರೆ. ಬಾಣಂತಿಯನ್ನು ಕರ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ಸ್ಟೇಷನ್ನಿಗಾ?” ಅಮ್ಮನ ಕೈಯ ಬಾಲ್ದಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ನನಗಿಂತ ಅವರಿಗೆ ಬಲ ಹೆಚ್ಚು. ಒಂದು ಸಲ ತಳ್ಳಿದ್ದರೆ ನಾನು ಪಕ್ಕಕ್ಕೆ ಬೀಳುತ್ತಿದ್ದೆ.

ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. “ಗ್ಯಾಲರಿ ಬಿದ್ರೆ ಬಾಣಂತನವೇ ಇಲ್ಲ ಅಮ್ಮ. ನೀರು ಯಾರಿಗೆ ಹೊಯ್ತೀರಿ?”

ಅಮ್ಮ ಬಾಲ್ದಿ ಕೆಳಗಿಟ್ಟರು. ಅವರು ಅಳಲಿಲ್ಲ. ಒಳಗೆ ಹೋಗಿ ಅದೇ ಬಾಲ್ದಿಗೆ ನೀರು ತುಂಬಿಸಿ, ಸೋಪಿನ ಪೆಟ್ಟಿಗೆಯ ಜೊತೆ ಮುಂಬಾಗಿಲ ಹೊರಗೆ ಇಟ್ಟು ಬಂದರು.

ಇಂಜಿನಿಯರ್ ತೆಳ್ಳಗಿನ ಮನುಷ್ಯ. ಮೊಣಕೈವರೆಗೂ ತೊಳೆದುಕೊಂಡು ಒಳಬಂದ. ಅಕ್ಕನನ್ನು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದ್ದೆವು. ಅವನು ಗ್ಯಾಲರಿಗೆ ಕಾಲಿಡಲಿಲ್ಲ. ಹೊಸ್ತಿಲಲ್ಲಿ ಮಂಡಿಯೂರಿ, ಕೈ ಚಾಚಿ, ಚಿಕ್ಕ ಸುತ್ತಿಗೆಯಿಂದ ನೆಲವನ್ನು ತಟ್ಟುತ್ತ ಬಂದ. ಬಿರುಕಿನ ಹತ್ತಿರ ಸದ್ದು ಬದಲಾಯಿತು, ಖಾಲಿ ಡಬ್ಬಿಯ ಹಾಗೆ. ನನ್ನ ಗೀಟುಗಳನ್ನು ನೋಡಿದ. ಆಮೇಲೆ ತಲೆಯೆತ್ತಿ ಹಂಡೆಯನ್ನು ನೋಡಿದ.

“ಭರಾ ಹುವಾ ಹೈ?”

“ಹೌದು,” ಎಂದರು ಅಮ್ಮ, ಕನ್ನಡದಲ್ಲೇ. “ಕಂಠಮಟ್ಟ.”

ಅವನು ಎದ್ದು ಎರಡು ಹೆಜ್ಜೆ ಹಿಂದೆ ಬಂದ. ನೆಲದೊಳಗಿನ ಕಬ್ಬಿಣದ ಸಲಾಕೆಗಳು ತುಕ್ಕು ಹಿಡಿದಿವೆ, ಇನ್ನು ಯಾರೂ ಹೊರಗೆ ಹೋಗಬೇಡಿ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಮೆಟ್ಟಿಲ ಕಡೆ ತಿರುಗಿ ಕಾಕಾನಿಗೆ, ಕೆಳಗಿನ ಎರಡೂ ಮನೆಯವರನ್ನು ಗ್ಯಾಲರಿಯಿಂದ ಒಳಗೆ ಕಳಿಸಿ, ಕೆಳಗೆ ಅಂಗಳದಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ ಎಂದ. ಕಾಕಾ ಆ ವಯಸ್ಸಿನಲ್ಲಿ ಮೆಟ್ಟಿಲಿಳಿದ ರಭಸ ಮರೆಯಲಾರೆ.

ನೀರನ್ನು ಖಾಲಿ ಮಾಡಬೇಕಿತ್ತು, ಯಾರೂ ಹತ್ತಿರ ಹೋಗದೆ. ಒಳಗಿನ ಬಚ್ಚಲಿನ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿದೆವು. ಮೇಲಿನ ತಂತಿಗೆ ಬಟ್ಟೆ ಹಾಕುವ ಬಿದಿರು ಕೋಲಿನ ತುದಿಗೆ ಪೈಪಿನ ಇನ್ನೊಂದು ಬಾಯಿ ಕಟ್ಟಿ, ಹೊಸ್ತಿಲಲ್ಲಿ ನಿಂತು ಅದನ್ನು ಹಂಡೆಯೊಳಗೆ ಇಳಿಸಬೇಕು. ಇಂಜಿನಿಯರನಿಗೆ ಕೋಲಿನ ಅಭ್ಯಾಸವಿರಲಿಲ್ಲ, ಎರಡು ಸಲ ತಪ್ಪಿ ಹಂಡೆಯ ಅಂಚಿಗೆ ಬಡಿಯಿತು. ಪ್ರತಿ ಸಲ ತಾಮ್ರ ಗಂಟೆಯಂತೆ ಸದ್ದು ಮಾಡಿತು. “ಇಲ್ಲಿ ಕೊಡಿ,” ಎಂದು ಅಮ್ಮ ಕೋಲು ತೆಗೆದುಕೊಂಡರು. ದಿನಾ ಅದೇ ಕೋಲಿನಿಂದ ಸೀರೆ ಒಣಹಾಕುವ ಕೈ. ಪೈಪು ಸದ್ದಿಲ್ಲದೆ ನೀರಿಗೆ ಇಳಿಯಿತು. ನಾನು ನಲ್ಲಿ ಬಿಟ್ಟು ಪೈಪು ತುಂಬಿಸಿ, ನಲ್ಲಿ ನಿಲ್ಲಿಸಿ, ಪೈಪನ್ನು ಕಿತ್ತು ಬಾಯಿಗೆ ಹೆಬ್ಬೆರಳು ಒತ್ತಿ, ಬಚ್ಚಲಿನ ನೆಲಕ್ಕಿಳಿಸಿ ಬಿಟ್ಟೆ. ಹಂಡೆಯ ನೀರು ಹಿಂದಿರುಗಿ ಬರತೊಡಗಿತು.

ನೀರು ಅರ್ಧ ಇಳಿದಿರಬೇಕು, ಕೆಳಗೆ ಧಪ್ಪೆಂದು ಏನೋ ಬಿತ್ತು. ಅಮ್ಮ ಕೋಲು ಬಿಡಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡರು. ಕೋಣೆಯೊಳಗಿಂದ ಅಕ್ಕ ನನ್ನ ಹೆಸರು ಹಿಡಿದು ಕೂಗಿದಳು.

“ಪ್ಲಾಸ್ಟರ್ ಬಿತ್ರೀ!” ಕೆಳಗಿನಿಂದ ಕಾಕಾನ ದನಿ. “ಯಾರಿಗೂ ಏನೂ ಆಗಿಲ್ಲ! ಮಂದಿ ಎಲ್ಲಾ ಒಳಗದಾರ!”

ಪೈಪಿನಿಂದ ಕೊನೆಗೆ ಗಾಳಿ ಬಂದಾಗ ಇಂಜಿನಿಯರ್ ಗೋಡೆಗೊರಗಿ ಮಾಸ್ಕಿನೊಳಗೇ ಉಸಿರು ಬಿಟ್ಟ.

ಕಾಕಾ ಮೇಲೆ ಬಂದರು. ಬೆವರು ಸುರಿಯುತ್ತಿತ್ತು, ಮಾಸ್ಕು ಕುತ್ತಿಗೆಗೆ ಜಾರಿತ್ತು. ತೆರೆದ ಬಾಗಿಲಿನಿಂದ ಹಾಲ್ ದಾಟಿ ಗ್ಯಾಲರಿ ನೇರ ಕಾಣುತ್ತಿತ್ತು. ಕಟ್ಟೆ, ಒಲೆ, ಹಂಡೆ, ಕಲ್ಲು, ಗೆರಟೆಯ ಚೀಲಗಳು.

“ಗ್ಯಾಲರ್ಯಾಗ ಬಚ್ಚಲಾ ಕಟ್ಟೀರೇನ್ರೀ ವೈನಿ?”

ಕೋಲು ಇನ್ನೂ ಅಮ್ಮನ ಕೈಯಲ್ಲೇ ಇತ್ತು. ಆಗ ಅಕ್ಕ ಕೋಣೆಯ ಬಾಗಿಲು ತೆರೆದು ಹೊರಗೆ ಬಂದಳು. “ನನ್ನ ಬಾಣಂತನಕ್ಕೆ ಕಾಕಾ. ಬೈಯುವುದಾದ್ರೆ ನನಗೆ ಬೈಯಿರಿ.”

ಅವಳನ್ನು ಕಂಡದ್ದೇ ಕಾಕಾ ಮಾಸ್ಕನ್ನು ಮೇಲಕ್ಕೆಳೆದು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಮೆಟ್ಟಿಲ ಮೇಲೆ ನಿಂತರು. “ನೀ ಒಳಗ ಹೋಗವ್ವಾ. ಮೊದ್ಲ ಒಳಗ ಹೋಗು. ನಾ ಲೋಕಲ್‌ದಾಗ ಬಂದೇನಿ.” ಜೇಬಿನಿಂದ ಒಂದು ಬೀಗ ತೆಗೆದು ಇಂಜಿನಿಯರನ ಕೈಗೆ ಕೊಟ್ಟು, ಗ್ಯಾಲರಿಯ ಬಾಗಿಲಿಗೆ ಹಾಕಿಸಿದರು. ಕೀಲಿಯನ್ನು ತಾವೇ ಇಟ್ಟುಕೊಂಡರು. ಅಕ್ಟೋಬರಿನ ಮಾತನ್ನು ಅವರೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ಅದು ಇಬ್ಬರ ನಡುವೆ ಹಾಗೆಯೇ ಉಳಿಯಿತು.

ನೆಲದಿಂದ ಮೇಲಕ್ಕೆ ಕಬ್ಬಿಣದ ಕಂಬಗಳ ಆಸರೆ ಕೊಟ್ಟ ಮೇಲೆ ಕೆಲಸಗಾರರು ಬಂದು ಬಚ್ಚಲನ್ನು ಒಡೆದು, ಹಂಡೆಯನ್ನು ಮೆಟ್ಟಿಲಡಿಗೆ ಸಾಗಿಸಿದರು. ಸೆಪ್ಟೆಂಬರಿನಲ್ಲಿ ಅಕ್ಕನಿಗೆ ಹೆಣ್ಣುಮಗು ಆಯಿತು. ಜ್ವರ ಯಾರಿಗೂ ಬರಲಿಲ್ಲ. ಅಪ್ಪ ಹೋಟೆಲಿನ ಸಾಂಬಾರಿನ ದೊಡ್ಡ ಪಾತ್ರೆಯೊಂದನ್ನು ಕಳಿಸಿಕೊಟ್ಟರು. ಅಮ್ಮ ಅದರಲ್ಲಿ ಗ್ಯಾಸಿನ ಮೇಲೆ ಸೊಪ್ಪು ಕುದಿಸಿ, ಆ ಇಕ್ಕಟ್ಟಾದ ಬಚ್ಚಲಿನಲ್ಲೇ, ತಾವು ಹೊಸ್ತಿಲ ಹೊರಗೆ ನಿಂತು, ಬಗ್ಗಿ ಬಗ್ಗಿ ಅಕ್ಕನಿಗೆ ನೀರು ಹೊಯ್ದರು. “ಸಾಂಬಾರಿನ ಪರಿಮಳ ಬರ್ತದೆ,” ಎಂದು ಅಕ್ಕ ದಿನಾ ಗೊಣಗುತ್ತಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ಕಾಕಾ ಮತ್ತೆ ಬಂದರು. ಬೆಲ್ ಕೇಳಿದ್ದೇ ಅಮ್ಮ ಹೋಗಿ ಸರಪಳಿ ತೆಗೆದು ಬಾಗಿಲನ್ನು ಪೂರ್ತಿ ತೆರೆದರು. “ಬನ್ನಿ ರಾಯರೇ. ಒಳಗೆ ಬಂದು ಸರಿಯಾಗಿ ನೋಡಿ.”

“ಒಲ್ಲೆ ವೈನಿ. ಎಳೀ ಕೂಸದ. ಇಲ್ಲೇ ನಿಂದ್ರತೇನಿ.” ಹೊಸ್ತಿಲಾಚೆಯಿಂದಲೇ ಕೀಲಿಯನ್ನು ನನ್ನ ಕಡೆಗೆ ಎಸೆದರು. “ತಂಗಿ, ಇಂಜಿನಿಯರ್ ಸಾಹೇಬ್ರು ಹೇಳತಿದ್ರಲ್ಲ, ನೀ ಹೋಗಿ ಆ ನಿನ್ನ ಪೆನ್ಸಿಲ್ ಗೀಟು ನೋಡಿ ಹೇಳು. ಹೊರಗ ಕಾಲಿಡಬ್ಯಾಡ.”

ನಾನು ಬೀಗ ತೆಗೆದು ಹೊಸ್ತಿಲಲ್ಲಿ ಬಗ್ಗಿದೆ. ಅಮ್ಮ ನನ್ನ ಹಿಂದೆ ಬಂದು ನಿಂತರು, ಕಾಕಾನಿಗೆ ಕೇಳಬೇಕಾದ್ದನ್ನು ನನ್ನ ಬೆನ್ನ ಹಿಂದಿನಿಂದ ಕೇಳಿದರು. “ರಾಯರೇ, ಅಕ್ಟೋಬರಿನದ್ದು?”

“ಗ್ಯಾಲರಿ ಇಲ್ಲದ ಮನೀಗೆ ಬ್ಯಾರೆ ಯಾರ್ ಬರ್ತಾರ್ರೀ?” ಎಂದರು ಕಾಕಾ. “ಮೊದ್ಲ ಗೀಟು ಏನಾಗೇದ ಹೇಳ್ಲಿ.”

ಕಂಬಗಳನ್ನು ನಿಲ್ಲಿಸಿದ ದಿನ ಎಳೆದಿದ್ದ ಕೊನೆಯ ಗೀಟು ಹಾಗೆಯೇ ಇತ್ತು. ಬಿರುಕಿನ ತುದಿ ಅದಕ್ಕೆ ಬಂದು ತಾಗಿ ನಿಂತಿತ್ತು.

“ಅಲ್ಲೇ ಉಂಟು ಕಾಕಾ,” ಎಂದು ಒಳಗಿನಿಂದ ಕೂಗಿದೆ. “ದಾಟಲಿಲ್ಲ.”